ಶಾಸಕರು ಒಂದು ಹಗಲು, ಒಂದು ರಾತ್ರಿ ಪೊಲೀಸ್ ಠಾಣೆಯಲ್ಲಿ: ಹೋಗುವುದು ಹೇಗೆ, ನೋಡುವುದು ಏನು

ಕೆಲವು ವರ್ಷ ನಾನು ಒಬ್ಬ ಶಾಸಕರ ಪಿ.ಎ. ಆಗಿದ್ದೆ. ತಾಲ್ಲೂಕಿನ ಪೊಲೀಸ್ ಠಾಣೆಗೆ ಎಷ್ಟು ಸಲ ಫೋನ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. 'ನಮ್ಮ ಹುಡುಗ ಸಾರ್, ಸ್ವಲ್ಪ ನೋಡಿ' ಅನ್ನುವುದು ಬಾಯಿಪಾಠವಾಗಿತ್ತು. ಠಾಣೆ ಅಂದರೆ ನಮಗೆ ಇನ್ಸ್‌ಪೆಕ್ಟರ್ ರೂಮು, ಒಂದು ಕಾಫಿ, ಎರಡು ಬಿಸ್ಕತ್ತು. ಅದರಾಚೆ ಏನಿದೆ ಅಂತ ನೋಡಿದವರಲ್ಲ.

ಒಂದು ಸಲ ನಮ್ಮ ಸಾಹೇಬರಿಗೆ ಪೂರ್ತಿ ಒಂದು ದಿನ ಠಾಣೆಯಲ್ಲಿ ಕೂತು ನೋಡೋಣ ಅನ್ನಿಸಿತು. ಹೋದೆವು. ಹನ್ನೆರಡು ಜನ ಹಿಂಬಾಲಕರು, ಎರಡು ಹಾರ, ಒಬ್ಬ ಫೋಟೊಗ್ರಾಫರ್. ಗೋಡೆಗೆ ಬಳಿದ ಸುಣ್ಣ ಇನ್ನೂ ಒಣಗಿರಲಿಲ್ಲ. ಎಲ್ಲರೂ ಇಸ್ತ್ರಿ ಮಾಡಿದ ಯೂನಿಫಾರ್ಮಲ್ಲಿ ಸಾಲಾಗಿ ನಿಂತಿದ್ದರು. ಒಂದೂವರೆ ಗಂಟೆಗೆ ಎಲ್ಲ ಮುಗಿದು, ಮಾರನೇ ದಿನ ಪೇಪರಲ್ಲಿ ಫೋಟೊ ಬಂತು. ತಿಳಿದುಕೊಂಡಿದ್ದು ಸೊನ್ನೆ. ಎರಡನೇ ಸಲ ಬೇರೆ ರೀತಿ ಹೋದೆವು. ಈ ಲೇಖನ ಆ ಎರಡನೇ ಸಲದ್ದು.

ಬ್ರಿಟನ್‌ನಲ್ಲಿ ಸಂಸದರು ಪೊಲೀಸರ ಜೊತೆ ದಿನ ಕಳೆಯುವುದಕ್ಕೆಂದೇ ಒಂದು ಪಾರ್ಲಿಮೆಂಟರಿ ಸ್ಕೀಮ್ ಇದೆ. ಅಮೆರಿಕದಲ್ಲಿ ಗಸ್ತು ಕಾರಿನಲ್ಲಿ ಜೊತೆಗೆ ಕೂತು ಸುತ್ತುವ 'ರೈಡ್ ಅಲಾಂಗ್' ಹಳೆಯ ರೂಢಿ. ನಾವು ಕೇಳಿ ಮಾಡಿಕೊಳ್ಳಬೇಕು, ಅಷ್ಟೇ. ನೀವು ಶಾಸಕರಾಗಿದ್ದರೆ, ಪರಿಷತ್ ಸದಸ್ಯರಾಗಿದ್ದರೆ, ಅಥವಾ ನನ್ನ ಹಾಗೆ ಅವರ ಕಚೇರಿಯಲ್ಲಿ ಫೋನ್ ಹಿಡಿದು ಕೂತವರಾಗಿದ್ದರೆ ಇದು ನಿಮಗೆ. ಬರೀ ಮತದಾರರಾಗಿದ್ದರೆ, ನಿಮ್ಮ ಶಾಸಕರಿಗೆ ಕಳಿಸಿ.

ಮೊದಲ ಪೊಲೀಸ್ ನಿಮ್ಮ ಕಾರಿನಲ್ಲೇ ಇದ್ದಾರೆ

ಮುಂದಿನ ಸೀಟಲ್ಲಿ ಕೂತಿರುವ ಗನ್‌ಮ್ಯಾನ್. ಮದುವೆ, ತಿಥಿ, ಗುದ್ದಲಿ ಪೂಜೆ, ಎಲ್ಲ ಕಡೆಗೂ ನಿಮ್ಮ ಜೊತೆ ಬಂದಿದ್ದಾರೆ. ಅವರು ಊಟಕ್ಕೆ ಕೂತಿದ್ದನ್ನು ಎಂದಾದರೂ ನೋಡಿದ್ದೀರಾ? ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನಿನ್ನೆ ಮನೆ ಸೇರಿದ್ದು ಎಷ್ಟು ಹೊತ್ತಿಗೆ? ಕೊನೆಯ ವಾರದ ರಜೆ ಯಾವಾಗ ಸಿಕ್ಕಿತ್ತು? ಕ್ವಾರ್ಟರ್ಸ್ ಇದೆಯಾ, ಬಾಡಿಗೆ ಮನೆಯಾ? ಮೊದಲ ಹತ್ತು ನಿಮಿಷ 'ಏನೂ ತೊಂದರೆ ಇಲ್ಲ ಸಾರ್' ಅಂತಾರೆ. ಅವಸರ ಮಾಡಬೇಡಿ, ಸುಮ್ನೆ ಕೂತಿರಿ.

ಹಾಗೆ ಹೇಳುವುದಕ್ಕೆ ಕಾರಣ ಇದೆ. ಪೊಲೀಸರು ಬೇರೆ ನೌಕರರ ಹಾಗೆ ಸಂಘ ಕಟ್ಟಿಕೊಂಡು ಬೇಡಿಕೆ ಇಡುವಂತಿಲ್ಲ. ಪತ್ರಿಕೆಗೆ ಹೇಳುವಂತಿಲ್ಲ. ಅದಕ್ಕೆಂದೇ 1966ರ ಕೇಂದ್ರ ಕಾಯ್ದೆ ಇದೆ. 2016ರ ಜೂನ್‌ನಲ್ಲಿ ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತೇವೆ ಅಂದಾಗ ಎಷ್ಟು ಗದ್ದಲ ಆಯಿತು ನೆನಪಿದೆ ಅಲ್ವಾ? ರಾಘವೇಂದ್ರ ಔರಾದ್ಕರ್ ಸಮಿತಿ ಸಂಬಳದ ಬಗ್ಗೆ ವರದಿ ಕೊಟ್ಟಿದ್ದೂ ಆ ಕಾಲದಲ್ಲೇ. ಅದರ ಪ್ರಕಾರ ಸರ್ಕಾರ ಆದೇಶ ಹೊರಡಿಸುವ ಹೊತ್ತಿಗೆ 2019 ಬಂದಿತ್ತು. ಶಿಕ್ಷಕರ ಸಂಘದವರು ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಕಾನ್‌ಸ್ಟೆಬಲ್ ಬರುವುದಿಲ್ಲ. ನೀವೇ ಹೋಗಬೇಕು.

ಒಪ್ಪಿಗೆ ಕೇಳುವುದು

ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ 'ನಾಳೆ ಬರ್ತೀವಿ' ಅನ್ನಬೇಡಿ. ಅವರು ಇಲ್ಲ ಅನ್ನಲಾರರು, ಹೂಂ ಅನ್ನುವ ಅಧಿಕಾರವೂ ಅವರದಲ್ಲ. ಜಿಲ್ಲೆಯಲ್ಲಾದರೆ ಎಸ್‌ಪಿಗೆ, ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳಲ್ಲಾದರೆ ಪೊಲೀಸ್ ಕಮಿಷನರಿಗೆ ಕಾಗದ ಬರೆಯಿರಿ. ಅರ್ಧ ಪುಟ ಸಾಕು. ಕೆಲಸ ನೋಡಿ ತಿಳಿಯಲು ಬರುತ್ತಿದ್ದೇನೆ, ಯಾವ ಕೇಸಿನ ಬಗ್ಗೆಯೂ ವಿಚಾರಿಸುವುದಿಲ್ಲ, ಒಬ್ಬ ಸಹಾಯಕ ಮಾತ್ರ ಜೊತೆಗಿರುತ್ತಾನೆ, ಮಾಧ್ಯಮದವರು ಇರುವುದಿಲ್ಲ, ಬಾ ಅಂದಲ್ಲಿ ಬರುತ್ತೇನೆ, ಬೇಡ ಅಂದಲ್ಲಿ ಹೊರಗೆ ನಿಲ್ಲುತ್ತೇನೆ. ಈ ಐದು ಮಾತು ಬರಹದಲ್ಲಿರಲಿ. ದಿನಾಂಕ ಅವರೇ ಹೇಳಲಿ.

ಯಾವ ಠಾಣೆ? ನಿಮ್ಮ ಕಚೇರಿ ಪಕ್ಕದ್ದು ಬೇಡ. ಹೆದ್ದಾರಿ ಹಾದುಹೋಗುವ, ಹಳ್ಳಿಗಳೂ ಸೇರಿದ ಠಾಣೆ ಆರಿಸಿ. ನಿಮ್ಮ ಮೇಲೋ, ನಿಮ್ಮ ಮನೆಯವರ ಮೇಲೋ, ಕಾರ್ಯಕರ್ತರ ಮೇಲೋ ಅಲ್ಲಿ ಕೇಸು ನಡೆಯುತ್ತಿದ್ದರೆ ಆ ಠಾಣೆಯನ್ನು ಬಿಟ್ಟುಬಿಡಿ. ಚುನಾವಣೆ ನೀತಿ ಸಂಹಿತೆ ಇರುವಾಗ ಈ ಮಾತೇ ಬೇಡ. ದಿನ ಸಂತೆಯದಾದರೆ ಒಳ್ಳೆಯದು. ಗಣೇಶ ವಿಸರ್ಜನೆ ದಿನ ಬಂದೋಬಸ್ತ್ ನೋಡೋಣ ಅನ್ನಿಸಬಹುದು. ಆದರೆ ಆವತ್ತು ನೀವು ಹೋದರೆ ನಿಮಗೂ ಇಬ್ಬರನ್ನು ಬಿಡಬೇಕಾಗುತ್ತದೆ.

ಬೆಳಿಗ್ಗೆ: ರೋಲ್ ಕಾಲ್

ಹೊತ್ತಿಗೆ ಸರಿಯಾಗಿ ಹೋಗಿ. ಮೂಲೆಯಲ್ಲಿ ನಿಂತುಕೊಳ್ಳಿ. ಇನ್ಸ್‌ಪೆಕ್ಟರ್ ತಮ್ಮ ಕುರ್ಚಿ ಬಿಟ್ಟುಕೊಡಲು ಬರುತ್ತಾರೆ, ಕೂರಬೇಡಿ. ಇದು ಬರೀ ಮರ್ಯಾದೆಯ ಮಾತಲ್ಲ. ಠಾಣೆಗೆ ಬರುವ ಜನಕ್ಕೆ ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಠಾಣೆ ಯಾರದ್ದು ಅಂತ ಗೊತ್ತಾಗುತ್ತದೆ.

ಗೋಡೆ ಮೇಲೆ ಮಂಜೂರಾದ ಹುದ್ದೆ ಎಷ್ಟು, ಇರುವವರು ಎಷ್ಟು ಅನ್ನುವ ಬೋರ್ಡ್ ಇದ್ದರೆ ಬರೆದುಕೊಳ್ಳಿ. ಆಮೇಲೆ ನಿಮ್ಮೆದುರು ನಿಂತವರನ್ನು ಎಣಿಸಿ. ಎರಡಕ್ಕೂ ತಾಳೆ ಆಗುವುದಿಲ್ಲ. 40 ಮಂದಿ ಇದ್ದಾರೆ ಅಂದುಕೊಳ್ಳಿ. ಇಬ್ಬರು ಕೋರ್ಟ್ ಡ್ಯೂಟಿ. ಇಬ್ಬರು ಸಮನ್ಸ್, ವಾರಂಟ್ ಹಿಡಿದು ಬೇರೆ ಜಿಲ್ಲೆಗೆ. ಮೂವರು ಇನ್ನೆಲ್ಲಿಗೋ ಬಂದೋಬಸ್ತಿಗೆ, ಅವರ ಭಾಷೆಯಲ್ಲಿ ಓಓಡಿ. ಎಂಟು ಜನ ರಾತ್ರಿ ಡ್ಯೂಟಿ ಮುಗಿಸಿ ಮನೆಗೆ. ಒಬ್ಬರು ಎಸ್‌ಪಿ ಕಚೇರಿಗೆ ಟಪಾಲು. ಒಬ್ಬರು ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಿಯಾದ ವಸ್ತು, ಹೊತ್ತು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಒಬ್ಬ ಸೆಂಟ್ರಿ, ಒಬ್ಬ ರೈಟರ್ (ಠಾಣೆಯ ಬರವಣಿಗೆ ನೋಡುವವರು), ಇಬ್ಬರು ಕಂಪ್ಯೂಟರ್ ಮುಂದೆ, ಒಬ್ಬ ಜೀಪ್ ಡ್ರೈವರ್, ಇಬ್ಬರು ತುರ್ತು ಕರೆಯ 112ರ ವಾಹನದಲ್ಲಿ, ನಾಲ್ವರು ರಜೆ, ತರಬೇತಿ. ಕಳೆದರೆ ಉಳಿಯುವುದು 12. ಇದು ನಾನು ಹಾಕಿದ ಅಂದಾಜು ಲೆಕ್ಕ. ನಿಮ್ಮ ಠಾಣೆಯದ್ದನ್ನು ಇದೇ ರೀತಿ ಹೆಸರು ಹಿಡಿದು ಕೂಡಿ ಕಳೆದು ನೋಡಿ. ಹಳ್ಳಿಯಲ್ಲಿ 'ಫೋನ್ ಮಾಡಿದರೆ ಯಾರೂ ಬರಲ್ಲ' ಅನ್ನುವ ದೂರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೋ 2014ರಲ್ಲಿ ದೇಶದ ಠಾಣೆಗಳ ಬಗ್ಗೆ ಒಂದು ಅಧ್ಯಯನ ಮಾಡಿಸಿತ್ತು. ಹತ್ತಿರ ಹತ್ತಿರ 90 ಶೇಕಡಾ ಸಿಬ್ಬಂದಿ ದಿನಕ್ಕೆ 8 ಗಂಟೆಗಿಂತ ಜಾಸ್ತಿ ದುಡಿಯುತ್ತಾರೆ ಅನ್ನುವುದು ಅದರಲ್ಲಿ ಕಂಡ ಮಾತು. ಹೊರಡುವಾಗ ಇದನ್ನು ತಲೆಯಲ್ಲಿಟ್ಟುಕೊಂಡಿರಿ.

ರೈಟರ್ ಮೇಜು: ಎರಡು ಗಂಟೆ ಕದಲಬೇಡಿ

ಠಾಣೆಯಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿರುವವರು ರೈಟರ್. ಅವರ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಳ್ಳಿ. ಸ್ವಲ್ಪ ಹಿಂದೆ. ಬರುವವರಿಗೆ ನೀವು ಕಾಣಬಾರದು.

ಒಬ್ಬರು ಮೊಬೈಲ್ ಕಳೆದುಕೊಂಡು ಬರುತ್ತಾರೆ. ಇನ್ನೊಬ್ಬರದು ಬದುವಿನ ಜಗಳ. ಒಬ್ಬ ಅಜ್ಜಿ ಬಂದು 'ಮಗ ಊಟ ಹಾಕ್ತಿಲ್ಲ ಸಾಮಿ' ಅಂತ ಕೂತುಬಿಡುತ್ತಾರೆ. ಇದರಲ್ಲಿ ಯಾವುದು ಎಫ್‌ಐಆರ್, ಯಾವುದು ಎನ್‌ಸಿಆರ್ (ಕೋರ್ಟಿನ ಅನುಮತಿ ಇಲ್ಲದೆ ತನಿಖೆ ಮಾಡಲಾಗದ ಸಣ್ಣ ಅಪರಾಧದ ದಾಖಲೆ), ಯಾವುದು ಬರೀ ಅರ್ಜಿ ವಿಚಾರಣೆ, ಯಾವುದು ಸಿವಿಲ್ ಕೋರ್ಟಿಗೆ ಹೋಗಬೇಕಾದ್ದು ಅಂತ ಆ ಮೇಜಿನ ಮುಂದೆ ತೀರ್ಮಾನವಾಗುತ್ತದೆ. ಜಗಳ ಶುರುವಾಗುವುದೂ ಅಲ್ಲೇ. 'ಕೇಸ್ ತಗೊಳ್ತಿಲ್ಲ' ಅಂತ ನಿಮ್ಮ ಕಚೇರಿಗೆ ಬರುವ ಫೋನ್‌ಗಳ ಹುಟ್ಟೂರು ಆ ಮೇಜು.

ಕಾನೂನು ಸ್ವಲ್ಪ ಓದಿಕೊಂಡು ಹೋಗಿ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜನ ಅದನ್ನು ಜೀರೊ ಎಫ್‌ಐಆರ್ ಅಂತಾರೆ. ಆನ್‌ಲೈನಲ್ಲಿ ಕೊಟ್ಟರೆ ಮೂರು ದಿನದೊಳಗೆ ಬಂದು ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ. 3 ವರ್ಷದಿಂದ 7 ವರ್ಷದ ಒಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಒಪ್ಪಿಗೆ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು. ಇಷ್ಟು ಗೊತ್ತಿದ್ದರೆ ರೈಟರ್ ಮಾಡುವುದರಲ್ಲಿ ಸರಿ ಯಾವುದು, ಜಾರಿಕೊಳ್ಳುವುದು ಯಾವುದು ಅಂತ ಕಣ್ಣಿಗೆ ಬೀಳುತ್ತದೆ. ಹೌದು, ಜಾರಿಕೊಳ್ಳುವುದೂ ಇರುತ್ತದೆ. ಪೊಲೀಸರ ಕಷ್ಟ ನೋಡಲು ಹೋಗಿದ್ದೇನೆ ಅಂತ ಜನರ ಕಷ್ಟಕ್ಕೆ ಕಣ್ಣು ಮುಚ್ಚಿಕೊಳ್ಳಬೇಡಿ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ. ಶೋಧ, ಜಪ್ತಿ ಮಾಡುವಾಗ ವಿಡಿಯೊ ಮಾಡಲೇಬೇಕು ಅನ್ನುತ್ತದೆ ಹೊಸ ಸಂಹಿತೆಯ 105ನೇ ಕಲಂ. ಅದಕ್ಕೆ ಇ-ಸಾಕ್ಷ್ಯ ಅನ್ನುವ ಆ್ಯಪ್ ಇದೆ. ಆ್ಯಪ್ ಇರುವ ಫೋನ್ ಯಾರದ್ದು? ಇಲಾಖೆಯದ್ದಾ, ಕಾನ್‌ಸ್ಟೆಬಲ್ ಸಾಲ ಮಾಡಿ ಕೊಂಡಿದ್ದಾ? ಡೇಟಾ ಯಾರು ಹಾಕಿಸುತ್ತಾರೆ? ಕಾನೂನಿಗೆ ಸದನದಲ್ಲಿ ಕೈ ಎತ್ತುವಾಗ ಇಂಥ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಮಾಡಬಾರದ್ದು

ಇದನ್ನು ಕೊನೆಗೆ ಇಡುವುದು ರೂಢಿ. ಆದರೆ ಎಡವಟ್ಟಾಗುವುದು ಮಧ್ಯಾಹ್ನದ ಹೊತ್ತಿಗೆ, ಸ್ವಲ್ಪ ಸಲಿಗೆ ಬೆಳೆದ ಮೇಲೆ. ಅದಕ್ಕೆ ಇಲ್ಲೇ ಹೇಳುತ್ತೇನೆ.

ಲಾಕಪ್ ಹತ್ತಿರ ಹೋಗಿ ಆರೋಪಿಯನ್ನು ಮಾತಾಡಿಸಬೇಡಿ. ಕೇಸ್ ಡೈರಿ ಕೇಳಬೇಡಿ. 'ಆ ಕೇಸ್ ಏನಾಯ್ತು' ಅಂತ ಸುಮ್ನೆ ಕೇಳಿದರೂ ಅದು ಸುಮ್ನೆ ಆಗಿರುವುದಿಲ್ಲ, ನೀವು ಶಾಸಕರು. ಮಹಿಳೆ, ಮಕ್ಕಳ ಮೇಲಿನ ದೌರ್ಜನ್ಯದ ದೂರು ಬಂದರೆ ಎದ್ದು ಹೊರಗೆ ಹೋಗಿಬಿಡಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಇದೆ. ನಿಮ್ಮ ಫೇಸ್‌ಬುಕ್ ಲೈವ್‌ನ ಹಿಂದುಗಡೆ ಯಾರ ಮುಖ ಬಂತು ಅಂತ ಆಮೇಲೆ ನೋಡಿ ಪ್ರಯೋಜನ ಇಲ್ಲ. ಫೋನ್ ಜೇಬಲ್ಲೇ ಇರಲಿ.

ಠಾಣೆಗೆ ಬಂದ ಜನ ನಿಮ್ಮನ್ನು ಗುರುತು ಹಿಡಿದು ಕೈಮುಗಿಯುತ್ತಾರೆ. ಅಲ್ಲೇ ಜನಸ್ಪಂದನ ಶುರು ಮಾಡಬೇಡಿ. 'ಕಚೇರಿಗೆ ಬನ್ನಿ' ಅಂದು ಕಳಿಸಿ.

ಸಂಜೆ: ಬೀಟ್

2017ರಲ್ಲಿ ರಾಜ್ಯದಲ್ಲಿ ಗಸ್ತು ವ್ಯವಸ್ಥೆ ಬದಲಾಯಿತು. ಪ್ರತಿ ಕಾನ್‌ಸ್ಟೆಬಲಿಗೂ ಒಂದು ಬೀಟ್, ಅಂದರೆ ಗಸ್ತಿನ ಪ್ರದೇಶ, ಆ ಬೀಟಿನ ಹೊಣೆ ಅವರದೇ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಅಂತ ಶುರುವಾಯಿತು, ಬೀಟಿನವರೇ ಮನೆ ಬಾಗಿಲಿಗೆ ಹೋಗಿ ಮಾತಾಡಿಸಿ ಬರುವುದು.

ಜೀಪ್ ಬೇಡ. ಬೀಟ್ ಕಾನ್‌ಸ್ಟೆಬಲ್ ಬೈಕಿನ ಹಿಂದೆ ಕೂರಿ, ಹೆಲ್ಮೆಟ್ ಹಾಕಿಕೊಂಡು. ಇದರಲ್ಲಿ ಒಂದು ಲಾಭ ಇದೆ. ಹೆಲ್ಮೆಟ್ ಒಳಗೆ ನಿಮ್ಮ ಗುರುತು ಯಾರಿಗೂ ಸಿಗುವುದಿಲ್ಲ. ಟೀ ಅಂಗಡಿಯವರು ಪೊಲೀಸರ ಜೊತೆ ಹೇಗೆ ಮಾತಾಡುತ್ತಾರೆ, ಯಾವ ಕೇರಿಯಲ್ಲಿ ಬೈಕ್ ನಿಲ್ಲುತ್ತದೆ, ಯಾವ ಕೇರಿಯಲ್ಲಿ ನಿಲ್ಲದೆ ಹೋಗುತ್ತದೆ ಅಂತ ಗಮನಿಸಿ. ಪೆಟ್ರೋಲಿಗೆ ಏನು ಸಿಗುತ್ತದೆ, ಕೈಯಿಂದ ಎಷ್ಟು ಹೋಗುತ್ತದೆ ಅಂತ ಬೈಕ್ ಓಡುತ್ತಿರುವಾಗಲೇ ಕೇಳಿ. ಮುಖ ಕಾಣದಿದ್ದಾಗ ಜನ ನಿಜ ಹೇಳುತ್ತಾರೆ.

ಮಹಿಳಾ ಸಿಬ್ಬಂದಿ ಜೊತೆ ಮಾತಾಡಲು ಶಾಸಕಿಯರಾದರೆ ಸುಲಭ. ಗಂಡಸರಾಗಿದ್ದರೆ ನಿಮ್ಮ ಕಚೇರಿಯ ಹೆಣ್ಣುಮಗಳೊಬ್ಬರನ್ನು ಬೇರೆ ದಿನ ಕಳಿಸಿ. ಹನ್ನೆರಡು ಗಂಟೆ ರಸ್ತೆಯಲ್ಲಿ ಬಂದೋಬಸ್ತಿಗೆ ನಿಂತಾಗ ಶೌಚಾಲಯಕ್ಕೆ ಎಲ್ಲಿಗೆ ಹೋಗುತ್ತೀರಿ ಅನ್ನುವ ಒಂದೇ ಪ್ರಶ್ನೆ ಸಾಕು. ಆ ಬಂದೋಬಸ್ತ್ ಬಹಳ ಸಲ ನಿಮ್ಮ ಕಾರ್ಯಕ್ರಮಕ್ಕೇ ಆಗಿರುತ್ತದೆ.

ರಾತ್ರಿ: ಇದನ್ನು ಬಿಟ್ಟರೆ ಹೋಗಿದ್ದೇ ದಂಡ

ಹತ್ತು ಗಂಟೆಗೆ ಮನೆಗೆ ಹೋಗಬೇಡಿ. 112ರ ವಾಹನದಲ್ಲಿ ಒಂದು ರಾತ್ರಿ ಕೂರಿ. ಬೆಂಗಳೂರಲ್ಲಾದರೆ ಆ ಗಸ್ತು ವಾಹನದ ಹೆಸರು ಹೊಯ್ಸಳ.

ನಮ್ಮ ಸಾಹೇಬರು, ನಾನು ಹೋದ ರಾತ್ರಿ ಒಂದೂವರೆ ಹೊತ್ತಿಗೆ ಕರೆ ಬಂತು. ಹೆದ್ದಾರಿಯಲ್ಲಿ ಬೈಕಿಗೆ ಯಾವುದೋ ವಾಹನ ಗುದ್ದಿ ನಿಲ್ಲಿಸದೆ ಹೋಗಿತ್ತು. ನಾವು ಹೋಗುವ ಹೊತ್ತಿಗೆ ಆತ ತೀರಿಕೊಂಡಿದ್ದ. ಒಬ್ಬ ಕಾನ್‌ಸ್ಟೆಬಲ್ ಮರದ ಟೊಂಗೆ ಮುರಿದು ರಸ್ತೆಗೆ ಅಡ್ಡ ಹಾಕಿ, ಟಾರ್ಚ್ ಬೀಸುತ್ತಾ ನಿಂತ. ಹಿಂದಿನಿಂದ ಬರುವ ಲಾರಿ ಇವರನ್ನೂ ಗುದ್ದದಿರಲಿ ಅಂತ. ಇನ್ನೊಬ್ಬರು ಎಎಸ್‌ಐ, ವಯಸ್ಸಾದವರು. ಮೊಬೈಲ್ ಲೈಟ್ ಬಾಯಲ್ಲಿ ಕಚ್ಚಿಕೊಂಡು ಆತನ ಜೇಬಿನಲ್ಲಿದ್ದುದನ್ನು ಒಂದೊಂದೇ ತೆಗೆದು ಬರೆದುಕೊಂಡರು. ಮುನ್ನೂರ ನಲವತ್ತು ರೂಪಾಯಿ. ಒಂದು ಬೀಗದ ಕೈ. ಅರ್ಧ ಖಾಲಿಯಾದ ಶುಗರ್ ಮಾತ್ರೆಯ ಸ್ಟ್ರಿಪ್. ನಿಂತಿದ್ದ ಇಬ್ಬರು ಲಾರಿ ಡ್ರೈವರುಗಳಿಗೆ ತೋರಿಸಿ, 'ನೋಡ್ಕೊಂಡ್ರಲ್ಲ, ಮುನ್ನೂರ ನಲವತ್ತು' ಅಂತ ಎರಡೆರಡು ಸಲ ಹೇಳಿದರು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ನಮ್ಮ ಪಕ್ಷದ ಒಬ್ಬ ಕಾರ್ಯಕರ್ತ. 'ಅಣ್ಣಾ, ನಮ್ಮ ಊರಿನೋರು ಆಕ್ಸಿಡೆಂಟಲ್ಲಿ ಹೋಗ್ಬಿಟ್ರಂತೆ, ಸ್ಟೇಷನ್ನಿಗೆ ಒಂದು ಮಾತು ಹೇಳಿ, ಪೋಸ್ಟ್‌ಮಾರ್ಟಂ ಬೇಗ ಮಾಡ್ಸಿ ಬಾಡಿ ಕೊಡ್ಲಿ.' ಅದೇ ಮನುಷ್ಯ. ನಾನು ಫೋನ್ ಮಾಡಬೇಕಿದ್ದ ಪೊಲೀಸರು ನನ್ನೆದುರು ಮೊಣಕಾಲೂರಿ ಕೂತಿದ್ದರು. ಆವರೆಗೆ ಎಷ್ಟೋ ರಾತ್ರಿ ಅಂಥ ಫೋನ್ ಮಾಡಿದ್ದೇನೆ. ಆ ಕಡೆ ಫೋನ್ ಎತ್ತಿದವರ ಇನ್ನೊಂದು ಕೈಯಲ್ಲಿ ಏನಿತ್ತು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಅವಸರ ಮಾಡಿದರೆ ಹಾಳಾಗುವುದು ಸತ್ತವರ ಮನೆಯವರದ್ದೇ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರ ಇದೆ. ಅದಕ್ಕೆ ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ ಎಲ್ಲ ಬೇಕು. ಆ ಕಾಗದಗಳ ಮೊದಲ ಸಾಲು ಹುಟ್ಟುವುದು ಬಾಯಲ್ಲಿ ಕಚ್ಚಿದ ಆ ಬೆಳಕಿನಲ್ಲಿ.

ಇಂಥ ಜಾಗದಲ್ಲಿ ನೀವು ಬರೆದುಕೊಳ್ಳಬೇಕಾದ ಪ್ರಶ್ನೆಗಳು ಸಣ್ಣವು. ಶವ ಸಾಗಿಸುವ ವಾಹನ ಎಲ್ಲಿಂದ ಬಂತು, ದುಡ್ಡು ಯಾರು ಕೊಟ್ಟರು? ಗ್ಲೌಸ್ ಇತ್ತಾ? ರಸ್ತೆಗೆ ಅಡ್ಡ ಇಡುವ ರಿಫ್ಲೆಕ್ಟರ್ ಕೋನ್ ವಾಹನದಲ್ಲಿ ಇತ್ತಾ, ಮರದ ಟೊಂಗೆ ಯಾಕೆ ಬೇಕಾಯಿತು? ಬೆಳಗಿನ ಜಾವ ಠಾಣೆಗೆ ಮರಳಿದಾಗ ಅವರು ಮಲಗುವ ಜಾಗ ನೋಡಿ. ಆ ಎಎಸ್‌ಐ ಹತ್ತು ಗಂಟೆಗೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿತ್ತು. ನಾವು ಮನೆಗೆ ಹೋಗಿ ಮಧ್ಯಾಹ್ನದವರೆಗೆ ಮಲಗಿದೆವು.

ಆ ರಾತ್ರಿ ದಸ್ತಗಿರಿ ಆದವರಿದ್ದರೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅದಕ್ಕೆ ಮೊದಲು ಆಸ್ಪತ್ರೆ ತಪಾಸಣೆ. ಠಾಣೆಯಲ್ಲಿ ಸಿಸಿಟಿವಿ ಎಲ್ಲೆಲ್ಲಿ ಇದೆ, ಕೆಲಸ ಮಾಡುತ್ತಿದೆಯಾ ಅಂತಲೂ ಕೇಳಿ. ಲಾಕಪ್, ಕಾರಿಡಾರ್, ಬಾಗಿಲು ಎಲ್ಲ ಕಡೆ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಹೇಳಿದೆ. ಕೆಟ್ಟು ನಿಂತ ಕ್ಯಾಮೆರಾ ಆರೋಪಿಗೂ ಅಪಾಯ, ಸುಳ್ಳು ಆರೋಪ ಬಂದಾಗ ಪೊಲೀಸರಿಗೂ ಅಪಾಯ.

ಬಂದ ಮೇಲೆ

ಎರಡು ದಿನದೊಳಗೆ ಬರೆದಿಡಿ. ಯಾರು ಏನು ಹೇಳಿದರು ಅಂತ ಹೆಸರು ಬರೆಯಬೇಡಿ. 'ನಿಮ್ಮ ಠಾಣೆಯ ಇಂಥ ಕಾನ್‌ಸ್ಟೆಬಲ್ ಹೇಳಿದ' ಅಂತ ಒಂದು ಮಾತು ಮೇಲಕ್ಕೆ ಹೋದರೆ ಆತನ ಮುಂದಿನ ಪೋಸ್ಟಿಂಗ್ ಎಲ್ಲಿಗೆ ಅಂತ ನಿಮಗೂ ಗೊತ್ತು.

ನೋಡಿದ್ದನ್ನು ಮೂರು ಗುಂಪು ಮಾಡಿ. ಕೋನ್, ಗ್ಲೌಸ್, ನೀರಿನ ಫಿಲ್ಟರ್‌ನಂಥವು ಎಸ್‌ಪಿ ಮಟ್ಟದಲ್ಲೇ ಆಗುತ್ತವೆ, ಒಂದು ಕಾಗದ ಸಾಕು. ಶೌಚಾಲಯ, ವಿಶ್ರಾಂತಿ ಕೊಠಡಿಯಂಥವಕ್ಕೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ಕೊಡಲು ಬರುತ್ತದಾ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ವರ್ಷಕ್ಕೆ 2 ಕೋಟಿ ಇರುತ್ತದಲ್ಲ. ಖಾಲಿ ಹುದ್ದೆ, ಕ್ವಾರ್ಟರ್ಸ್, ಫೋನ್ ಭತ್ಯೆ, ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಬಾಕಿ ಬಿದ್ದ ವರದಿಗಳು, ಇವು ಸದನದ ಕೆಲಸ. ಒಳಾಡಳಿತ ಇಲಾಖೆಯ ಬೇಡಿಕೆಗಳ ಮೇಲೆ ಚರ್ಚೆ ಬಂದಾಗ ಎಲ್ಲರೂ ಕಾನೂನು ಸುವ್ಯವಸ್ಥೆ ಹದಗೆಟ್ಟಿದೆ ಅಂತ ಭಾಷಣ ಮಾಡುತ್ತಾರೆ. ನೀವು ಚುಕ್ಕೆ ಗುರುತಿನ ಪ್ರಶ್ನೆಯಲ್ಲಿ, ಅಂದರೆ ಸಚಿವರು ಸದನದಲ್ಲಿ ಬಾಯಿಮಾತಲ್ಲಿ ಉತ್ತರಿಸಬೇಕಾದ ಪ್ರಶ್ನೆಯಲ್ಲಿ, ಹೀಗೆ ಕೇಳಿ: 'ಇಂಥ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು? ಈ ತಿಂಗಳ 10ನೇ ತಾರೀಖು ಬೆಳಿಗ್ಗೆ ರೋಲ್ ಕಾಲ್‌ನಲ್ಲಿ ಹಾಜರಿದ್ದವರು ಎಷ್ಟು? ಉಳಿದವರು ಯಾವ ಕೆಲಸದ ಮೇಲೆ ಎಲ್ಲಿಗೆ ಹೋಗಿದ್ದರು?' ಸಚಿವರು ಸುತ್ತಿ ಬಳಸಿ ಉತ್ತರ ಕೊಡಲು ಇದರಲ್ಲಿ ಜಾಗ ಕಮ್ಮಿ.

ಇನ್ನೊಂದು ಕೆಲಸ ನಿಮ್ಮ ಪಿ.ಎ.ಯದ್ದು. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ಠಾಣೆಗೆ ಮಾಡಿದ ಪ್ರತಿ ಫೋನನ್ನೂ ಬರೆಯಿರಿ: ಎಷ್ಟು ಹೊತ್ತಿಗೆ, ಯಾರಿಗೋಸ್ಕರ, ಏನಂತ. ನಾನು ಒಂದು ತಿಂಗಳು ಬರೆದೆ. ಎರಡನೇ ವಾರಕ್ಕೇ ಫೋನ್ ಕಮ್ಮಿಯಾದವು. ಬರೆಯಲು ನಾಚಿಕೆ ಆಗುವಂಥದ್ದನ್ನು ಮಾಡುವುದು ನಿಂತುಹೋಯಿತು.

ಮೂರು ತಿಂಗಳು ಬಿಟ್ಟು ಅದೇ ಠಾಣೆಗೆ ಇನ್ನೊಮ್ಮೆ ಹೋಗಿ, ಅರ್ಧ ಗಂಟೆಗೆ. ಕೋನ್ ಬಂದಿದೆಯಾ ನೋಡಿ. ಇನ್ಸ್‌ಪೆಕ್ಟರ್ ಅವರೇ ಇದ್ದಾರಾ ನೋಡಿ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗ ಕೊಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಅಷ್ಟರೊಳಗೆ ಹೊಸಬರು ಬಂದಿದ್ದರೆ, ಆ ವರ್ಗಾವಣೆಗೆ ಮಿನಿಟ್ (ಶಿಫಾರಸು ಪತ್ರ) ಕೊಟ್ಟವರು ಯಾರು ಅಂತ ನಿಮ್ಮ ಕಚೇರಿಯ ಫೈಲನ್ನೇ ಒಂದು ಸಲ ತೆಗೆಸಿ ನೋಡಿ.